ಕಣಕಟ್ಟೆಯ ಕಂಪ್ಯೂಟರ್ ಎಲ್ಲಿಗೆ ಹೋಗಿ ಬರುತ್ತಿತ್ತು

ಫೋನ್ ರಿಂಗಾದರೆ ಸಾಕು, ಎತ್ತುವ ಮೊದಲೇ ಯಾರದೋ ಮನೆಯ ಕಂಪ್ಯೂಟರ್ ಸತ್ತಿದೆ, ಕೊಂದವನು ನಾನೇ ಎಂದು ತೀರ್ಮಾನಿಸಿಬಿಡುವ ಸ್ವಭಾವ ನನ್ನದು. ಅರಸೀಕೆರೆಯಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡು, ಸುತ್ತಲ ಊರುಗಳ ಮನೆಗಳಿಗೆ ಹೋಗಿ ರಿಪೇರಿ ಮಾಡುವವನಿಗೆ ಇಷ್ಟು ಭಯ ಇರುವುದು ಒಳ್ಳೆಯದೇ ಎಂದು ನನ್ನ ವಾದ. "ಚಿಂತೆ ಮಾಡೋಕೆ ಏನೂ ಸಿಗದಿದ್ರೆ, ಯಾಕೆ ಸಿಗ್ತಿಲ್ಲ ಅಂತ ಚಿಂತೆ ಮಾಡೋ ಗಿರಾಕಿ ನೀವು" ಎಂದು ನನ್ನ ಹೆಂಡತಿ ಆ ವಾದವನ್ನು ಮುಗಿಸುತ್ತಾಳೆ.

ಆ ಗುರುವಾರ ಬೆಳಿಗ್ಗೆ ಕಣಕಟ್ಟೆಯಿಂದ ಫೋನ್ ಬಂದಾಗ ಮಾತ್ರ ನನ್ನ ಭಯಕ್ಕೆ ಆಧಾರವಿತ್ತು. ಹಿಂದಿನ ದಿನವಷ್ಟೇ ಆ ಮನೆಗೆ ಹೋಗಿ ಎರಡು ಸಾಫ್ಟ್‌ವೇರ್ ಹಾಕಿ ಬಂದಿದ್ದೆ.

"ಅಣ್ಣ, ನೆಟ್ ಹೋಗಿದೆ," ಎಂದರು ಆ ಮನೆಯ ಸೊಸೆ. "ನೀವು ಹೋದ್ಮೇಲೆ ಚೆನ್ನಾಗೇ ಇತ್ತು. ಈಗ ನೋಡಿದ್ರೆ ಒಂದು ಪೇಜೂ ತೆರೀತಿಲ್ಲ. ಸೋಮವಾರದೊಳಗೆ ಸರಿ ಹೋಗುತ್ತಲ್ವಾ?"

ಸೋಮವಾರ ಏನು ಎಂದು ನನಗೆ ಗೊತ್ತಿತ್ತು. ಆಕೆ ಗಣಿತ ಓದಿದವರು, ಮದುವೆಗೆ ಮುಂಚೆ ಒಂದು ಶಾಲೆಯಲ್ಲಿ ಪಾಠ ಹೇಳಿದವರು. ಆಮೇಲೆ ಮನೆ, ಮಗಳು, ತೋಟದ ಆಳುಗಳ ಊಟ ಅಂತ ವರ್ಷಗಳು ಉರುಳಿ, ಈಗ ಆನ್‌ಲೈನಿನಲ್ಲಿ ಪಾಠ ಹೇಳಿಸುವ ಸಂಸ್ಥೆಯೊಂದು ಕರೆದಿತ್ತು. ಸೋಮವಾರ ಹನ್ನೊಂದಕ್ಕೆ ಒಂದು ಡೆಮೊ ಕ್ಲಾಸು. ಅಲ್ಲಿ ಒಪ್ಪಿಗೆಯಾದರೆ ಮನೆಯಿಂದಲೇ ಕೆಲಸ. ಅವರ ಸಾಫ್ಟ್‌ವೇರನ್ನು ಯಾವ ಕಂಪ್ಯೂಟರಿನಲ್ಲಿ ನೋಂದಾಯಿಸಿದ್ದೀವೋ ಅದರಲ್ಲೇ ತೆರೆಯಬೇಕು, ಬೇರೆಯದರಲ್ಲಿ ಆಗದು. ದಿನವಿಡೀ ಕೊಬ್ಬರಿ ಮಂಡಿಯಲ್ಲಿರುವ ಆಕೆಯ ಗಂಡ, "ಒಂದ್ ಸಲ ನೋಡು, ಆಗದಿದ್ರೆ ಆ ಮಾತು ಬಿಟ್ಬಿಡು" ಎಂದು ಒಪ್ಪಿಕೊಂಡಿದ್ದರಂತೆ. ಆ 'ಒಂದ್ ಸಲ' ಈಗ ನನ್ನ ತಲೆಯ ಮೇಲೆ ಕೂತಿತ್ತು.

ಬುಧವಾರ ನಾನು ಹಾಕಿದ ಮೊದಲ ಸಾಫ್ಟ್‌ವೇರ್ ಅದು. ಎರಡನೆಯದು ಆಕೆಯ ಮಾವನಿಗೆ. ನಾವೆಲ್ಲ ಅವರನ್ನು ಯಜಮಾನರು ಅನ್ನುತ್ತೇವೆ. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ ಎರಡರಲ್ಲೂ ಕೂದಲು ಬೆಳ್ಳಗೆ ಮಾಡಿಕೊಂಡವರು. ಮಠದ ಅಯ್ಯನವರು ಪೆನ್‌ಡ್ರೈವಿನಲ್ಲಿ ಕೊಟ್ಟ ಪಂಚಾಂಗದ ಸಾಫ್ಟ್‌ವೇರನ್ನು ಜೇಬಿನಿಂದ ತೆಗೆದು, "ಇದನ್ನೂ ಒಂದ್ ಒಳಕ್ಕೆ ಹಾಕ್ಬಿಡಿ ಕಂಪ್ಯೂಟರ್‌ನೋರೇ" ಎಂದಿದ್ದರು. ಹಾಕಿದೆ. ಅದು ಬಿಟ್ಟಿ ಪ್ರತಿ. ಆಯಾ ದಿನದ ತಿಥಿ, ವಾರ, ನಕ್ಷತ್ರ ಮಾತ್ರ ತೋರಿಸುತ್ತದೆ.

"ಇವತ್ತಿಂದು ಗೋಡೆ ಕ್ಯಾಲೆಂಡರ್‌ನಾಗೂ ಐತಲ್ರೀ?"

"ಬೇರೆ ದಿನದ್ದು ಬೇಕಾದ್ರೆ ಪೂರ್ತಿ ಪ್ರತಿ ಕೊಂಡ್ಕೋಬೇಕು ಯಜಮಾನರೇ."

"ಹ್ಞೂಂ" ಎಂದಿದ್ದರು. ಕೊಬ್ಬರಿ ವ್ಯಾಪಾರದವರ ಹ್ಞೂಂ.

ಸೊಸೆಯ ಡೆಮೊ ವಿಷಯ ಬಂದಾಗ ಅವರು ಅಷ್ಟೂ ಹೇಳಿರಲಿಲ್ಲ. "ಮನೇಲಿರೋ ಕೆಲ್ಸ ಸಾಲ್ದಾ?" ಎಂದು ಯಾರಿಗೂ ಅಲ್ಲದ ಹಾಗೆ ಕಂಬಕ್ಕೆ ಹೇಳಿ ತೋಟಕ್ಕೆ ಹೋಗಿದ್ದರು. "ಮಾವನಿಗೆ ಇಷ್ಟ ಇಲ್ಲ ಅಣ್ಣ," ಎಂದಿದ್ದರು ಸೊಸೆ, ಮೆಲ್ಲಗೆ. "ಬೇಡ ಅಂತಲೂ ಹೇಳಲ್ಲ, ಹ್ಞೂಂ ಅಂತಲೂ ಹೇಳಲ್ಲ."

ಗುರುವಾರ ಬೈಕ್ ಹತ್ತಿದೆ. ಕಣಕಟ್ಟೆಯ ದಾರಿಯಲ್ಲಿ ಎರಡೂ ಬದಿ ತೆಂಗಿನ ತೋಟ, ನಡುನಡುವೆ ರಾಗಿ ಹೊಲ. ಬೆಳಗಿನ ಬಿಸಿಲಿನಲ್ಲಿ ಗರಿಗಳ ನೆರಳು ರಸ್ತೆಯ ಮೇಲೆ ಓಡಾಡುತ್ತಿರುತ್ತದೆ. ಬೈಕು ಹೋಗುತ್ತಿದೆಯೋ ರಸ್ತೆಯೇ ಹಿಂದಕ್ಕೆ ಹರಿಯುತ್ತಿದೆಯೋ ಒಂದೊಂದು ಸಲ ತಿಳಿಯುವುದಿಲ್ಲ. ಅಂಥ ದಾರಿಯಲ್ಲೂ ನಾನು ಯೋಚಿಸುತ್ತಿದ್ದದ್ದು ನೆಟ್‌ವರ್ಕ್ ಡ್ರೈವರಿನ ವಿಚಾರ.

ಕಂಪ್ಯೂಟರ್ ಇದ್ದದ್ದು ಪಡಸಾಲೆಯ ಪಕ್ಕದ ಕೋಣೆಯಲ್ಲಿ. ಮೇಲೆ ಅಟ್ಟ. ಅಟ್ಟದ ತುಂಬ ಕಾಯಿ. ನಮ್ಮ ಕಡೆ ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆ ಕೋಣೆಯಲ್ಲಿ ಯಾವಾಗಲೂ ಒಣಗುತ್ತಿರುವ ಕಾಯಿಯ ಸಿಹಿ ವಾಸನೆ, ಮಬ್ಬು ಬೆಳಕು. ಒಳಗೆ ಕಾಲಿಟ್ಟರೆ ಹೊರಗಿನ ದಿನ ಯಾವುದು ಅನ್ನುವುದು ಮರೆತುಹೋಗುವಂಥ ಜಾಗ.

ಕೂತು ಶುರು ಮಾಡಿದೆ. ನನ್ನ ಮೊಬೈಲನ್ನು ಅದೇ ವೈಫೈಗೆ ಸೇರಿಸಿದೆ. ಎಲ್ಲ ಪೇಜೂ ತೆರೆಯುತ್ತದೆ. ಅಂದರೆ ಲೈನು ಸರಿಯಿದೆ. ಕಂಪ್ಯೂಟರಿನ ಮೂಲೆಯಲ್ಲಿ ನೆಟ್ ಇದೆ ಅನ್ನುವ ಗುರುತು ಇದೆ. ಆಮೇಲೆ ಪಿಂಗ್ ಮಾಡಿದೆ. ಬಾವಿಗೆ ಕಲ್ಲು ಹಾಕಿ ಸದ್ದು ಬರುತ್ತದಾ ಅಂತ ಕೇಳುವ ಹಾಗೆ, ದೂರದ ಒಂದು ಕಂಪ್ಯೂಟರಿಗೆ "ಇದ್ದೀಯಾ?" ಅಂತ ಕೂಗಿ ಉತ್ತರಕ್ಕೆ ಕಾಯುವುದು ಅದು. "ಇದ್ದೀನಿ" ಅಂತ ತಪ್ಪದೆ ಉತ್ತರ ಬಂತು. ಹೋಗುವ ದಾರಿ ಇದೆ, ಬರುವ ದಾರಿಯೂ ಇದೆ, ಆದರೂ ಪೇಜು ತೆರೆಯದು. ತೆರೆದರೆ ಕೆಂಪು ಗುರುತು ಹಾಕಿ, ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಅಂತ ಒಂದು ಎಚ್ಚರಿಕೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೋ ಇತ್ತು. ಕೆಂಪು ಕಂಡ ಕೂಡಲೇ ಓದುವುದನ್ನು ನಿಲ್ಲಿಸಿ ಹೆದರುವುದಕ್ಕೆ ಶುರು ಮಾಡುವವನು ನಾನು. ಕ್ಲಾಸಿನ ಸಾಫ್ಟ್‌ವೇರಂತೂ ಸರ್ವರ್ ಸಿಗುತ್ತಿಲ್ಲ ಎಂದಷ್ಟೇ ಹೇಳಿ ಸುಮ್ಮನಾಯಿತು.

ನನ್ನ ಕಸುಬಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟು ಹೊತ್ತಿಗೆ ಹಣೆ ಚಚ್ಚಿಕೊಂಡಿರುತ್ತಾರೆ. ಚಚ್ಚಿಕೊಳ್ಳಲಿ. ನನಗೆ ಅನುಮಾನ ಬಂದದ್ದು ಕ್ಲಾಸಿನ ಸಾಫ್ಟ್‌ವೇರಿನ ಮೇಲೆ. ಅದು ತನ್ನ ಜೊತೆ ಒಂದು ಭದ್ರತೆಯ ತುಣುಕನ್ನೂ ಹಾಕಿಕೊಳ್ಳುತ್ತದೆ. ಆ ತುಣುಕು ಬಾಗಿಲಲ್ಲಿ ನಿಂತು ಎಲ್ಲರನ್ನೂ ವಾಪಸ್ ಕಳಿಸುತ್ತಿರಬೇಕು ಅಂದುಕೊಂಡೆ. ಬೇರು ಸಮೇತ ಕಿತ್ತು ಹಾಕಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಏನೂ ಬದಲಾಗಲಿಲ್ಲ.

"ಊಟಕ್ಕೆ ಏಳಿ ಅಣ್ಣ."

ಆ ಮನೆಯಲ್ಲಿ ಊಟ ಮಾಡದೆ ರಿಪೇರಿ ಮುಗಿಸುವಂತಿಲ್ಲ. ಪಡಸಾಲೆಯಲ್ಲಿ ಮುದ್ದೆ, ಹುರುಳಿಕಾಳು ಸಾರು. ನಾನು ಮುದ್ದೆ ಮುರಿಯುತ್ತಿದ್ದಾಗ ಯಜಮಾನರು ತೋಟದಿಂದ ಬಂದು, ಕೈಕಾಲು ತೊಳೆದು, ಕೋಣೆಯೊಳಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಈಚೆ ಬಂದರು. ಪಂಚಾಂಗ ನೋಡುತ್ತಾರೆ, ಪಾಪ, ಅಂದುಕೊಂಡೆ. ಕೈತೊಳೆದು ಹೋಗಿ ನೋಡಿದರೆ ನೆಟ್ ಬಂದಿದೆ!

ತಡವಾಗಿ ಫಲ ಕೊಟ್ಟಿದೆ ನನ್ನ ಔಷಧಿ ಅಂದುಕೊಂಡೆ. ಕ್ಲಾಸಿನ ಸಾಫ್ಟ್‌ವೇರನ್ನು ಹುಷಾರಾಗಿ ಮತ್ತೆ ಹಾಕಿದೆ. ಆಗಲೂ ನೆಟ್ ಹೋಗಲಿಲ್ಲ. ಸೊಸೆಯ ಮುಖ ಅರಳಿತು. ನಾನು ಡಾಕ್ಟರ ಗತ್ತಿನಲ್ಲಿ ಬೈಕ್ ಹತ್ತಿದೆ. ಅರಸೀಕೆರೆ ತಲುಪಿ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಫೋನು. "ಅಣ್ಣ, ಮತ್ತೆ ಹೋಯ್ತು."

ಶುಕ್ರವಾರ ಇನ್ನೊಂದು ನಿರ್ಧಾರ ಮಾಡಿದೆ. ಕಂಪ್ಯೂಟರಿನ ಪೆಟ್ಟಿಗೆಯನ್ನೇ ಅಂಗಡಿಗೆ ತಂದು ನೋಡುವುದು. ಅದಕ್ಕೇ ಬೈಕ್ ಬಿಟ್ಟು ಬಸ್ಸಿನಲ್ಲಿ ಹೋದೆ. ಆಗ ನನ್ನ ಕಣ್ಣೆದುರೇ ನೆಟ್ ಇರಲಿಲ್ಲ. ವೈರ್ ಬಿಚ್ಚಲು ಬಗ್ಗಿದೆ.

"ಒಂದ್ ಗಳಿಗೆ ತಡೀರಿ," ಎಂದರು ಯಜಮಾನರು. "ಪಂಚಾಂಗ ತೆರೆದಿಟ್ಟಿದ್ದೀನಿ. ಮುಚ್ಚಿಕೊಡ್ತೀನಿ."

ಮರ್ಯಾದಸ್ಥರು. ಪುಸ್ತಕವನ್ನು ತೆರೆದಿಟ್ಟು ಎದ್ದು ಹೋಗುವವರಲ್ಲ. ನಾನು ಹೊರಗೆ ನಿಂತೆ. ಅವರು ಮುಚ್ಚಿ ಬಂದರು. ಪೆಟ್ಟಿಗೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಂದು ಕೂಸನ್ನು ನೋಡುವ ಹಾಗೆ ಬಗ್ಗಿ ನೋಡಿದ. "ವಯಸ್ಸೆಷ್ಟು ಸಾರ್ ಇದಕ್ಕೆ? ಅರ್ಧ ಟಿಕೆಟ್ ಕೊಡ್ಲಾ, ಫುಲ್ಲಾ?" ಹಿಂದಿನ ಸೀಟಿನವರೆಲ್ಲ ನಕ್ಕರು. ನಾನು ಪಂಚೆಯ ತುದಿಯನ್ನು ಇನ್ನಷ್ಟು ಬಿಗಿ ಮಾಡಿದೆ.

ಅಂಗಡಿಯಲ್ಲಿ ಹಚ್ಚಿದರೆ ನೆಟ್ ನೀರು ಹರಿದ ಹಾಗೆ ಹರಿಯಿತು. ಸಂಜೆಯವರೆಗೂ ಬಿಟ್ಟು ನೋಡಿದೆ. ಜಂಕ್ಷನ್ನಿಗೆ ಬಂದು ಹೋಗುವ ರೈಲುಗಳ ಕೂಗು, ಬಸ್ ಸ್ಟ್ಯಾಂಡಿನ ಗದ್ದಲ, ಪರದೆಯ ಮೇಲೆ ಒಂದರ ಹಿಂದೆ ಒಂದು ತೆರೆದುಕೊಳ್ಳುವ ಪೇಜುಗಳು. ಎಲ್ಲವೂ ಸರಿ. ಹಾಗಾದರೆ ಕಾಯಿಲೆ ಪೆಟ್ಟಿಗೆಯದಲ್ಲ, ಮನೆಯದು. ಶನಿವಾರ ಪೆಟ್ಟಿಗೆಯ ಜೊತೆ ಹೊಸ ರೌಟರನ್ನೂ ಹೊತ್ತುಕೊಂಡು ಹೋಗಿ ಹಾಕಿದೆ. ಕಂಪ್ಯೂಟರಿನ ನೆಟ್‌ವರ್ಕ್ ವ್ಯವಸ್ಥೆಯನ್ನೆಲ್ಲ ಅಳಿಸಿ, ಹೊಸದಾಗಿ ಕೊಂಡುತಂದ ದಿನದಂತೆ ಮಾಡಿದೆ. ವೈಫೈ ಬೇಡವೆಂದು ವೈರನ್ನೇ ಎಳೆದೆ. ನಾನು ಇರುವವರೆಗೂ ಎಲ್ಲ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಆಕೆ ಫೋನ್ ಮಾಡಿದಾಗ ಧ್ವನಿಯಲ್ಲಿ ದೂರೂ ಇರಲಿಲ್ಲ. ಅದು ನನ್ನನ್ನು ಹೆಚ್ಚು ಹೆದರಿಸಿತು.

"ಅಣ್ಣ, ನೆಟ್ ಮತ್ತೆ ಹೋಗಿದೆ. ನೀವು ಬರೋದೇನೂ ಬೇಡ. ನಾಲ್ಕು ದಿನದಿಂದ ಓಡಾಡ್ತಿದ್ದೀರ. ಇದು ನನಗಲ್ಲ ಅಂತಿದ್ರೆ ಬಿಡಿ. ಕಂಪನಿಯೋರಿಗೆ ಹೇಳ್ಬಿಡ್ತೀನಿ, ಆಗಲ್ಲ ಅಂತ."

"ಸಂಜೆವರೆಗೆ ಹೇಳ್ಬೇಡಿ ಅಮ್ಮ," ಎಂದೆ. "ಸಂಜೆವರೆಗೆ ತಡೀರಿ."

ತಡೆಯಿರಿ ಅಂದೆನೇ ಹೊರತು ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಬೈಕಿನ ಮೇಲೆ ಒಂದು ಕೆಟ್ಟ ಯೋಚನೆ ಬೇರೆ ಬಂತು. ಯಜಮಾನರು ಕೋಣೆಯೊಳಗೆ ಹೋಗಿ ಬಂದಾಗಲೆಲ್ಲ ಏನೋ ಆಗುತ್ತಿದೆಯಲ್ಲ? ಸೊಸೆ ಕೆಲಸಕ್ಕೆ ಸೇರುವುದು ಇಷ್ಟವಿಲ್ಲದೆ ಅವರೇ ವೈರು ಕಿತ್ತು ಹಾಕುತ್ತಿದ್ದಾರಾ? ಥೂ, ಅಷ್ಟು ವರ್ಷದಿಂದ ಮುದ್ದೆ ಹಾಕಿದ ಮನೆ ಎಂದು ನನಗೆ ನಾನೇ ಬೈದುಕೊಂಡೆ. ಆದರೂ ಹೋದ ಕೂಡಲೇ ಮೊದಲು ನೋಡಿದ್ದು ವೈರನ್ನೇ. ಭದ್ರವಾಗಿತ್ತು.

ಯಜಮಾನರು ಜಗಲಿಯ ಮೇಲೆ ಕೂತು ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಇನ್ನೂ ನೀರು ಕುಲುಕುವ ಸದ್ದು. ನಾನು ಸ್ಕ್ರೂಡ್ರೈವರ್ ಚೀಲ ಬಿಚ್ಚುವುದನ್ನು ನೋಡಿ ನಕ್ಕರು.

"ದಿನಾ ಬಿಚ್ಚೋದು, ದಿನಾ ಕಟ್ಟೋದು. ಕಾಯಿ ಅಟ್ಟಕ್ಕೆ ಹಾಕಿದ್ಮೇಲೆ ದಿನಾ ಹತ್ತಿ ಕೈಯಾಡಿಸಿದ್ರೆ ಅದು ಕೊಬ್ಬರಿ ಆಗಾಕಿಲ್ಲ ಕಣ್ರೀ. ಸುಮ್ನೆ ಬಿಟ್ಟು ನೋಡ್ತಿರ್ಬೇಕು."

ಚುಚ್ಚಿ ಹೇಳಿದ ಮಾತೇ ಇರಬೇಕು. ಆದರೆ ಅದು ನನ್ನನ್ನು ಹಿಡಿದು ನಿಲ್ಲಿಸಿತು. ನಿಜ, ಗುರುವಾರದಿಂದ ನಾನು ಒಂದೇ ಸಮನೆ ಏನನ್ನೋ ಬದಲಾಯಿಸುತ್ತಲೇ ಇದ್ದೆ. ಸರಿಹೋದರೆ ನನ್ನಿಂದ, ಕೆಟ್ಟರೆ ನನ್ನಿಂದ. ಈ ಯಂತ್ರ ತಾನಾಗಿ ಏನು ಮಾಡುತ್ತಿದೆ ಅಂತ ಒಂದು ಗಳಿಗೆಯೂ ಕೂತು ನೋಡಿರಲಿಲ್ಲ. ಚೀಲದ ದಾರ ಎಳೆದು ಕಟ್ಟಿದೆ. ಇವತ್ತು ಏನನ್ನೂ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಚಿಂತೆ ಮಾಡುವವನ ಪಾಲಿಗೆ ಕೈಕಟ್ಟಿ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಆ ಹೊತ್ತಿಗೆ ಮತ್ತೆ ನೆಟ್ ಇತ್ತು. ಯಾವಾಗ ಬಂತೋ ಯಾರಿಗೂ ಗೊತ್ತಿಲ್ಲ. ಒಂದು ಕಡೆ ಪಿಂಗ್ ನಿಲ್ಲದೆ ಓಡುವಂತೆ ಬಿಟ್ಟೆ. ಇನ್ನೊಂದು ಕಡೆ ತಾನಾಗಿ ಮತ್ತೆ ಮತ್ತೆ ತೆರೆದುಕೊಳ್ಳುವ ಒಂದು ಪೇಜು. ಊಟ ಮುಗಿದಿತ್ತು. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತೆ.

ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಕಿಟಕಿಯಿಂದ ಬಿದ್ದ ಗರಿಯ ನೆರಳು ನೆಲದ ಮೇಲೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ಪರದೆಯ ಮೇಲೆ ಪಿಂಗಿನ ಸಾಲುಗಳು ಕೆಳಗಿನಿಂದ ಹುಟ್ಟಿ ಮೇಲಕ್ಕೆ ಸರಿಯುತ್ತಿದ್ದವು. ಹಳೇಬೀಡಿನ ಗುಡಿಯ ಬುಡದಲ್ಲಿ ಆನೆಗಳ ಸಾಲಿದೆಯಲ್ಲ, ಒಂದರ ಹಿಂದೆ ಒಂದು, ಎಲ್ಲವೂ ಒಂದೇ ಥರ, ಆದರೆ ಹತ್ತಿರ ಹೋಗಿ ನೋಡಿದರೆ ಒಂದರ ಸೊಂಡಿಲು ಸ್ವಲ್ಪ ಬೇರೆ, ಇನ್ನೊಂದರ ಕಾಲು ಬೇರೆ. ಹಾಗೆ. ಚಿಕ್ಕವನಿದ್ದಾಗ ಆ ಆನೆಗಳನ್ನು ಎಣಿಸುತ್ತ ಗುಡಿ ಸುತ್ತಿ, ಎಲ್ಲಿಂದ ಶುರು ಮಾಡಿದೆ ಅನ್ನುವುದೇ ಮರೆತುಹೋಗುತ್ತಿತ್ತು. ಈಗಲೂ ಹಾಗೇ ಆಯಿತು. ಆನೆಗಳು ನಡೆಯುತ್ತಿದ್ದವು. ಅಟ್ಟದ ಮೇಲೆಲ್ಲೋ ಒಂದು ಕಾಯಿ ಉರುಳಿತು. ನಾನು ಎಚ್ಚರವಿದ್ದೆನೋ ಇಲ್ಲವೋ ಆಣೆ ಮಾಡಿ ಹೇಳಲಾರೆ.

ಆ ಮಂಪರಿನಲ್ಲೇ ಯಜಮಾನರು ಒಳಗೆ ಬಂದದ್ದನ್ನು ಕಂಡೆ. ನನ್ನ ಕಡೆ ಒಮ್ಮೆ ನೋಡಿದರು. ಮಲಗಿದ್ದಾನೆ ಅಂದುಕೊಂಡು, ಕುರ್ಚಿಯನ್ನು ಸದ್ದಾಗದಂತೆ ಎಳೆದು ಕೂತರು. ಕನ್ನಡಕ ಹಾಕಿಕೊಂಡರು. ಮೌಸನ್ನು ಮೂಲೆಯ ಗಡಿಯಾರದ ಮೇಲೆ ಒಯ್ದು ಒತ್ತಿದರು. ಒಂದು ಕಿಟಕಿ ತೆರೆಯಿತು. ಅದರಲ್ಲಿ ವರ್ಷಗಳು ಹಿಂದಕ್ಕೆ ಉರುಳತೊಡಗಿದವು. ಕನಸು ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ಅವರು ಪಂಚಾಂಗ ತೆರೆದರು. ದಪ್ಪಕ್ಷರದಲ್ಲಿ 'ಇಂದು' ಎಂದಿತ್ತು. ಕೆಳಗೆ: ಶುಕ್ಲ ಸಂವತ್ಸರ, ಕಾರ್ತಿಕ ಮಾಸ, ಸೋಮವಾರ, ಶ್ರವಣ ನಕ್ಷತ್ರ.

ಯಜಮಾನರು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಇಡುತ್ತ ಪಿಸುಗುಟ್ಟಿದರು. "ಶ್ರವಣ... ಧನಿಷ್ಠ... ಶತಭಿಷ..."

ಪಿಂಗಿನ ಆನೆಗಳು ಹಾಗೇ ನಡೆಯುತ್ತಿದ್ದವು. ಅವಕ್ಕೆ ಯಾವ ಸಂವತ್ಸರವಾದರೇನು? ಪಕ್ಕದ ಪೇಜಿನಲ್ಲಿ ಮಾತ್ರ ಕೆಂಪು ಗುರುತು ಮೂಡಿತು.

ನಾನು ಎದ್ದು ಕೂತೆ. ಎಲ್ಲ ಒಂದೇ ಏಟಿಗೆ ಹೊಳೆಯಿತು. ಹೊಳೆದದ್ದರಲ್ಲಿ ನನ್ನ ಪಾಲೇ ದೊಡ್ಡದಿತ್ತು. ಒಂದು ಕಾಲದಲ್ಲಿ ಆ ಪೆಟ್ಟಿಗೆಯ ಒಳಗಿನ ಬ್ಯಾಟರಿ ಸತ್ತು ದಿನಾಂಕ ನಿಲ್ಲುತ್ತಿರಲಿಲ್ಲ. ಹೊಸದನ್ನು ತರುವವರೆಗೂ, ದಿನಾ ಗೋಡೆ ಕ್ಯಾಲೆಂಡರ್ ನೋಡಿ ದಿನಾಂಕ ಕೂರಿಸುವುದನ್ನು ಯಜಮಾನರಿಗೆ ಕಲಿಸಿದವನು ನಾನು. ತಾನಾಗಿ ಸರಿಮಾಡಿಕೊಳ್ಳುವ ವ್ಯವಸ್ಥೆಯನ್ನು ಆರಿಸಿಟ್ಟು ಮರೆತವನೂ ನಾನು. ಪರದೆಯ ಮೇಲೆ ಜಾಗ ಸಾಲದು ಅಂತ ಕೆಳಗಿನ ಪಟ್ಟಿಯನ್ನು ಕಿರಿದು ಮಾಡಿ, ಮೂಲೆಯಲ್ಲಿ ಗಂಟೆ ಮಾತ್ರ ಕಾಣುವ ಹಾಗೆ ಮಾಡಿದವನೂ ನಾನೇ. ಗಂಟೆ ಸರಿಯಾಗೇ ಇತ್ತು. ಗಂಟೆ ಸರಿಯಿದ್ದರೆ ದಿನವೂ ಸರಿಯಿದೆ ಅಂದುಕೊಳ್ಳದವರು ಯಾರು? ನಾನು ಮಿಕ್ಕ ಎಲ್ಲದರ ಬಗ್ಗೆ ಚಿಂತೆ ಮಾಡಿದ್ದೆ, ಇವತ್ತು ಇವತ್ತೇನಾ ಅನ್ನುವುದೊಂದನ್ನು ಬಿಟ್ಟು.

"ಯಜಮಾನರೇ," ಎಂದೆ. "ಯಾವ ಕಾಲದಲ್ಲಿದ್ದೀರ?"

ಬೆಚ್ಚಿಬಿದ್ದರು. "ಅಯ್ಯೋ, ನಿದ್ದೆ ಹೋಗಿದ್ದೀರ ಅಂದ್ಕೊಂಡೆ."

"ಅದು ಇವತ್ತಿಂದು ಮಾತ್ರ ತೋರ್ಸೋ ಬಿಟ್ಟಿ ಪ್ರತಿ ಅಲ್ವಾ?"

"ಅದಕ್ಕೇ ಕಂಪ್ಯೂಟರಿಗೆ ಇವತ್ತೇ ಆ ದಿನ ಅಂತ ಹೇಳ್ಬಿಟ್ಟೆ." ಮುಖದಲ್ಲಿ ಸಣ್ಣ ಹೆಮ್ಮೆ. "ನಂಬ್ಕೊಂಡ್ತು. ನೋಡಿದ್ಮೇಲೆ ವಾಪಸ್ ಹಾಕ್ತೀನಿ. ಒಂದೊಂದ್ ಸಲ ತೋಟದಿಂದ ಕರೀತಾರೆ, ಮರ್ತು ಎದ್ದೋಗ್ತೀನಿ. ಯಾಕೆ, ಅದಕ್ಕೂ ನೆಟ್ಟಿಗೂ ಏನ್ ಸಂಬಂಧ?"

ಅವರ ದಾರಿಯಲ್ಲೇ ಹೇಳಬೇಕಾಯಿತು. ನಾವು ತೆರೆಯುವ ಪ್ರತಿ ಪೇಜೂ ಮೊದಲು ತನ್ನ ಗುರುತಿನ ಚೀಟಿ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ. "ನೀವು ಕಂಪ್ಯೂಟರನ್ನ ಮೂವತ್ತು ವರ್ಷಕ್ಕೂ ಹಿಂದೆ ಕೂರಿಸಿದ್ದೀರ. ಅಲ್ಲಿ ಕೂತು ನೋಡಿದ್ರೆ ಆ ಚೀಟಿ ಇನ್ನೂ ಹುಟ್ಟೇ ಇಲ್ಲ. ಇನ್ನೂ ಹುಟ್ಟದ ಹುಡುಗನ ಜಾತಕ ಹಿಡ್ಕೊಂಡು ಹೆಣ್ಣು ಕೇಳೋಕೆ ಬಂದ್ರೆ ನೀವು ಒಳಕ್ಕೆ ಬಿಡ್ತೀರಾ?"

ಯಜಮಾನರು ಪರದೆಯನ್ನೂ ನನ್ನನ್ನೂ ನೋಡಿದರು. "ಅಂದ್ರೆ ಇಷ್ಟು ದಿನ ನೆಟ್ ಹೋಗ್ತಿದ್ದುದು ನನ್ನಿಂದ?"

"ನಿಮ್ಮಿಂದ, ನನ್ನಿಂದ. ಅರ್ಧ ಅರ್ಧ."

"ಬ್ಯಾಡ ಕಣ್ರೀ, ಅವಳಿಗೆ ಹೇಳ್ಬ್ಯಾಡಿ," ಎಂದು ಅವರು ದಿನಾಂಕದ ಕಿಟಕಿ ತೆರೆದು ಗಡಿಬಿಡಿಯಲ್ಲಿ ಒತ್ತತೊಡಗುವುದಕ್ಕೂ, ಸೊಸೆ ಟೀ ಲೋಟ ಹಿಡಿದು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಆಕೆಯ ಕಣ್ಣು ನೇರ ಪರದೆಯ ಮೇಲೆ ಬಿತ್ತು.

"ಇದು ನಾನು ಹುಟ್ಟಿದ ವರ್ಷ ಅಲ್ವಾ ಮಾವ?"

 

"ಹ್ಞೂಂ," ಎಂದರು ಯಜಮಾನರು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತ. "ನಾಳೆ ನಿನ್ನ ಕ್ಲಾಸಲ್ವಾ, ತಾರಾಬಲ ನೋಡಾನ ಅಂತ. ಹುಟ್ಟಿದ ನಕ್ಷತ್ರದಿಂದ ನಾಳೆ ನಕ್ಷತ್ರಕ್ಕೆ ಎಣಿಸ್ಬೇಕು, ಅದಕ್ಕೆ ನಿನ್ನ ನಕ್ಷತ್ರ ಬೇಕಲ್ಲ. ನಿಮ್ಮ ಮನೇಲಿ ಒಂದ್ ಜಾತಕ ಬರೆಸಿಲ್ಲ. ಇಸ್ಕೂಲ್ನಾಗೆ ನೋಡಿದ್ರೆ ಎಲ್ಲಾ ಮಕ್ಕಳ ಹಂಗೆ ನೀನೂ ಜೂನ್ ಒಂದನೇ ತಾರೀಕು ಹುಟ್ಟಿದ್ದೀಯ! ನಿಮ್ಮವ್ವಂಗೆ ಫೋನ್ ಮಾಡಿದ್ರೆ, ಕಾರ್ತಿಕದ ಎರಡನೇ ಸೋಮವಾರ ಅಂತಾರೆ. ಮತ್ತೆ ಕೇಳಿದ್ರೆ, ರಾತ್ರಿ ಬಹಳ ಹೊತ್ತಾಗಿತ್ತು, ಮಂಗಳವಾರ ಬಿದ್ದಿತ್ತೋ ಏನೋ ಅಂತಾರೆ. ನಡುರಾತ್ರಿ ಕಳೀತಿದ್ದಂಗೆ ಶ್ರವಣ ಮುಗ್ದು ಧನಿಷ್ಠ ಬರ್ತೈತೆ. ಶ್ರವಣ ಆದ್ರೆ ನಾಳೆ ಕ್ಷೇಮ. ಧನಿಷ್ಠ ಆದ್ರೆ ವಿಪತ್ತು. ಅಲ್ಲೇ ಸಿಕ್ಕಾಕ್ಕೊಂಡು ಹೋಗಿ ಹೋಗಿ ನೋಡ್ತಿದ್ದೀನಿ."

ಟೀ ಲೋಟ ಆಕೆಯ ಕೈಯಲ್ಲೇ ಉಳಿಯಿತು. ಈ ಕಂಪ್ಯೂಟರ್ ಇಷ್ಟು ದಿನ ಎಲ್ಲಿಗೆ ಹೋಗಿ ಬರುತ್ತಿತ್ತು ಎಂದು ನಮಗೆ ಗೊತ್ತಾಯಿತು. ಆಕೆ ಹುಟ್ಟಿದ ಕಾರ್ತಿಕಕ್ಕೆ ಹೋಗಿ, ಬಾಣಂತಿ ಕೋಣೆಯ ಬಾಗಿಲ ಹೊರಗೆ ನಿಂತು, ಕೂಸು ಅಳುವುದನ್ನು ಕಾಯುತ್ತಿತ್ತು.

"ಬೇಡ ಅನ್ನೋಕೆ ನೋಡ್ತಿದ್ರಾ ಮಾವ?"

"ಯಾರಂದ್ರು? ವಿಪತ್ತು ಬಂದ್ರೆ ಬೆಳಿಗ್ಗೇನೇ ಎದ್ದು ಮಠದಾಗೆ ಒಂದ್ ಕಾಯಿ ಒಡೆಸ್ಕೊಂಡು ಬತ್ತಿದ್ದೆ. ಅದಕ್ಕೆ ನೀನ್ಯಾಕೆ ಕ್ಲಾಸ್ ಬಿಡ್ಬೇಕು?"

ಆಕೆ ಲೋಟವನ್ನು ಮೇಜಿನ ಮೇಲಿಟ್ಟರು.  "ನಮ್ಮ ತವರು ಮನೆ ಅರಸೀಕೆರೇಲಿ ರೈಲ್ವೆ ಲೈನಿನ ಪಕ್ಕ ಅಲ್ವಾ ಮಾವ. ರಾತ್ರಿ ಗಾಡಿ ಕೂಗ್ತಿದ್ದಂಗೆ ನಾನೂ ಕೂಗಿದೆ ಅಂತ ನಮ್ಮಜ್ಜಿ ಹೇಳ್ತಿದ್ರು. ಗಾಡಿ ದೊಡ್ಡದಾ, ಮೊಮ್ಮಗಳು ದೊಡ್ಡವಳಾ ಅಂತ ಎಲ್ಲಾ ನಕ್ಕಿದ್ರಂತೆ."

"ರಾತ್ರಿ ಗಾಡಿನಾ!" ಯಜಮಾನರು ನೆಟ್ಟಗಾದರು. "ಆ ಕಾಲದಾಗೆ ಅದು ಬರ್ತಿದ್ದುದು ಊಟದ ಹೊತ್ತು ಕಳೆದು. ನಡುರಾತ್ರಿಗೆ ಮುಂಚೆಯೇ ಆಯ್ತಲ್ಲ ಹಂಗಾದ್ರೆ. ಸೋಮವಾರ. ಶ್ರವಣ." ಮತ್ತೆ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿತು, ಈ ಸಲ ಜೋರು ಬಾಯಲ್ಲಿ, ನಾಳೆಯ ನಕ್ಷತ್ರವಾದ ಪುನರ್ವಸುವಿನವರೆಗೆ. "ಕ್ಷೇಮ ತಾರೆ! ಹೋಗು, ಪಾಠ ಓದ್ಕೋ ಹೋಗು."

ನಾನು ಹುಟ್ಟಿ ಬೆಳೆದದ್ದೂ ಅದೇ ಸ್ಟೇಷನ್ನಿನ ಕೂಗಳತೆಯಲ್ಲಿ. ಆ ರಾತ್ರಿ ಗಾಡಿಯನ್ನು ಬಲ್ಲೆ. ಹೇಳಿದ ಹೊತ್ತಿಗೆ ಅದು ಬಂದರೆ ನಮ್ಮ ಬೀದಿಯವರು ಗಡಿಯಾರವನ್ನು ಅನುಮಾನಿಸುತ್ತಿದ್ದರು. ನಡುರಾತ್ರಿ ಕಳೆದು ಕೂಗಿದ್ದನ್ನು ಎಷ್ಟೋ ಸಲ ಹಾಸಿಗೆಯಲ್ಲಿ ಮಲಗಿ ಕೇಳಿದ್ದೇನೆ. ನಾಲಿಗೆಯ ತುದಿಗೆ ಬಂತು. ಆಕೆಯ ಮುಖ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಒಂದು ಅನುಮಾನವನ್ನು ಟೀಯ ಜೊತೆ ನುಂಗಿದೆ.

ಆಮೇಲೆ ಉಳಿದದ್ದು ಹೇಳಿಕೊಳ್ಳುವಂಥ ಕೆಲಸವಲ್ಲ. ದಿನಾಂಕ ಸರಿಮಾಡಿ, ನೆಟ್ಟಿನಿಂದ ತಾನಾಗಿ ಹೊತ್ತು ತಿಳಿದುಕೊಳ್ಳುವ ಹಾಗೆ ಮಾಡಿದೆ. ಕೆಳಗಿನ ಪಟ್ಟಿಯನ್ನು ಅಗಲ ಮಾಡಿ ದಿನ, ತಿಂಗಳು, ವರ್ಷ ಎದ್ದು ಕಾಣುವಂತೆ ಮಾಡಿದೆ. ಕ್ಲಾಸಿನ ಸಾಫ್ಟ್‌ವೇರ್ ಒಂದೇ ಸಲಕ್ಕೆ ಸರ್ವರ್ ಹಿಡಿಯಿತು. ಆಕೆ ಬಿಳಿ ಹಲಗೆಯ ಮೇಲೆ ಒಂದು ವೃತ್ತ ಬರೆದು, ಅಳಿಸಿ, ಮತ್ತೆ ಬರೆದರು. ಯಜಮಾನರು ಬೇರೆ ಸಂವತ್ಸರಗಳಲ್ಲಿ ಓಡಾಡುವುದಕ್ಕೆ ನನ್ನ ಅಂಗಡಿಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ತಂದುಕೊಡುತ್ತೇನೆ, ಅದಕ್ಕೆ ನೆಟ್ಟಿನ ಗೊಡವೆಯೇ ಇರುವುದಿಲ್ಲ ಎಂದು ಮಾತು ಕೊಟ್ಟೆ.

ಬೈಕಿನವರೆಗೂ ಕಳಿಸಲು ಬಂದ ಯಜಮಾನರು ಮನೆಯ ಕಡೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ಆ ಗಾಡಿ ಯಾವತ್ತಾದ್ರೂ ಟೈಮಿಗೆ ಬಂದಿದ್ದುಂಟೇನ್ರೀ?"

ನಾನು ಬೈಕಿನ ಕೀಲಿ ಹುಡುಕುವ ನೆಪದಲ್ಲಿ ಜೇಬು ತಡಕಿದೆ. 

"ಇರ್ಲಿ. ಬೆಳಿಗ್ಗೆ ಎದ್ದು ಒಂದ್ ಕಾಯಿ ಒಡೆಸ್ಕೊಂಡೇ ಬತ್ತೀನಿ. ಅವಳಿಗೆ ಹೇಳ್ಬ್ಯಾಡಿ."

ಹೆಲ್ಮೆಟ್ ಹಾಕಿಕೊಂಡು ತೋಟದ ದಾರಿ ಹಿಡಿದೆ. ನನ್ನ ಥರದವರು ಇನ್ನೊಬ್ಬರು ಇದ್ದಾರೆ ಅನ್ನುವುದು ಎಷ್ಟು ಸಮಾಧಾನದ ವಿಷಯ.

ಸೋಮವಾರ ಹನ್ನೊಂದರ ಹೊತ್ತಿಗೆ ಅಂಗಡಿಯಲ್ಲಿ ಯಾರದೋ ಪ್ರಿಂಟರ್ ಬಿಚ್ಚಿ ಕೂತಿದ್ದೆ. ಬಿಚ್ಚಿದ್ದೆ ಅಷ್ಟೆ, ಮುಂದೇನು ಅಂತ ತಲೆಗೆ ಹೋಗಿರಲಿಲ್ಲ. ಕರೆಂಟ್ ಹೋದರೆ? ಯುಪಿಎಸ್ ಕೈಕೊಟ್ಟರೆ? ಫೋನ್ ರಿಂಗಾಯಿತು. ಯಜಮಾನರು. ಎತ್ತುವ ಮೊದಲೇ ತೀರ್ಮಾನಿಸಿಬಿಟ್ಟೆ.

"ಹಲೋ, ಯಜಮಾನರೇ? ಏನಾಯ್ತು? ಹೋಯ್ತಾ?"

ಆ ಕಡೆಯಿಂದ ಮಾತಿಲ್ಲ. ಬಾಗಿಲ ಸಂದಿಗೆ ಫೋನ್ ಹಿಡಿದ ಹಾಗೆ ಏನೋ ಸರಿದಾಡಿದ ಸದ್ದು. ಆಮೇಲೆ ದೂರದಿಂದ ಆಕೆಯ ದನಿ, ನಾನು ಯಾವತ್ತೂ ಕೇಳಿರದ ದನಿ, ಗಟ್ಟಿಯಾಗಿ, ನಿಧಾನವಾಗಿ. "ಒಂದು ಕಾಯಿನ ಒಡೆದ್ರೆ ಎಷ್ಟು ಹೋಳು? ಸರಿ. ಅದರಲ್ಲಿ ಒಂದು ಹೋಳನ್ನ ಮತ್ತೆ ಅರ್ಧ ಮಾಡಿದ್ರೆ?" ಒಂದು ಮಗು ಏನೋ ಹೇಳಿತು. ಇನ್ನೊಂದು ನಕ್ಕಿತು. ಆಕೆಯೂ ನಕ್ಕರು. ನಾನು ಫೋನ್ ಕಿವಿಗೊತ್ತಿಕೊಂಡು, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು, ಭಿನ್ನರಾಶಿಯ ಪಾಠವನ್ನು ಪೂರ್ತಿ ಕೇಳಿದೆ. ಕೊನೆಯವರೆಗೂ ಯಜಮಾನರು ಒಂದು ಮಾತಾಡಲಿಲ್ಲ. ಪಾಠ ಮುಗಿದ ಮೇಲೆ ಫೋನ್ ತಾನಾಗಿ ಕಟ್ ಆಯಿತು.

ಸಂಜೆ ಮತ್ತೆ ಅವರದೇ ಫೋನು.

"ಏನ್ರೀ ಕಂಪ್ಯೂಟರ್‌ನೋರೇ, ಆ ಹಳೇ ಲ್ಯಾಪ್‌ಟಾಪು ಯಾವಾಗ ತರ್ತೀರ?"

"ಬರೋ ವಾರ ತರ್ಲಾ?"

"ಬರೋ ವಾರ ಆಗಾಕಿಲ್ಲ, ನಾಳೇನೇ ಬೇಕು. ಯಾವತ್ತಿಂದ ಶುರು ಮಾಡ್ತೀರ, ನೀವೇ ದಿನ ಹೇಳಿ ಮೇಡಂ ಅಂದವ್ರಂತೆ ಕಂಪನಿಯೋರು. ನಾನೊಂದ್ ನಾಲ್ಕು ದಿನ ಮುಂದಕ್ಕೆ ಹೋಗಿ ನೋಡ್ಕೊಂಡು ಬರ್ಬೇಕು."